ಏಳು ಹೆಸರಿನ ಹಡಗು

ಹಡಗುಗಳಿಗೂ ಜಾತಕ ಬರೆಯಿಸುವ ಪದ್ಧತಿಯೊಂದು ಇದ್ದಿದ್ದರೆ, ‘ಅಮೆರಿಕ’ ಎಂಬ ಹಡಗಿನ ಜಾತಕವನ್ನು ನೋಡಿದ ಜೋಯಿಸರು ಬಹುಶಃ ದಕ್ಷಿಣೆಯನ್ನೂ ಮುಟ್ಟದೆ ಎದ್ದುಹೋಗುತ್ತಿದ್ದರು. ವರ್ಜೀನಿಯಾ ಪ್ರಾಂತದ ನ್ಯೂಪೋರ್ಟ್ ನ್ಯೂಸ್ ಎಂಬಲ್ಲಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಅದು ನೀರಿಗಿಳಿದದ್ದು ೧೯೩೯ನೆಯ ಇಸವಿಯ ಆಗಸ್ಟ್ ೩೧ರಂದು. ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನಾರ್ ರೂಸ್‌ವೆಲ್ಟರು, ನಮ್ಮವರು ಹೊಸ ಬಂಡಿಯ ಮುಂದೆ ತೆಂಗಿನಕಾಯಿ ಒಡೆಯುವಂತೆ, ಹಡಗಿನ ಮುಂಭಾಗಕ್ಕೆ ಷಾಂಪೇನ್ ಶೀಸೆಯನ್ನು ಒಡೆದು ಶುಭ ಕೋರಿದರು. ಮರುದಿನ ಬೆಳಗಾಗುವ ವೇಳೆಗೆ ಹಿಟ್ಲರನ ಸೈನ್ಯ ಪೋಲೆಂಡಿನ ಗಡಿಯನ್ನು ದಾಟಿತ್ತು.

ಅಟ್ಲಾಂಟಿಕ್ ಸಾಗರದ ಮೇಲೆ ಶ್ರೀಮಂತ ಪ್ರಯಾಣಿಕರನ್ನು ಹೊತ್ತು ಓಡಾಡಲೆಂದು ಹುಟ್ಟಿದ ಆ ಹಡಗಿಗೆ, ಹೀಗೆ ಹುಟ್ಟಿದ ಮರುದಿನವೇ ಅಟ್ಲಾಂಟಿಕ್ ಸಾಗರ ನಿಷಿದ್ಧವಾಯಿತು. ಆದರೂ ಅದರ ಸೊಬಗಿಗೇನೂ ಕೊರತೆಯಿರಲಿಲ್ಲ. ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಎಂಬ ಪ್ರಸಿದ್ಧ ನೌಕಾಶಿಲ್ಪಿ ಅದರ ವಿನ್ಯಾಸಕಾರ. ಉದ್ದ ೭೨೩ ಅಡಿ. ಅಗಲ ೯೩ ಅಡಿ. ಸುಮಾರು ೧೨೦೦ ಜನ ಪ್ರಯಾಣಿಕರಿಗೆ ಸ್ಥಳ. ಒಳಗಿನ ಅಲಂಕಾರದಲ್ಲಿ ಮಹಿಳಾ ವಿನ್ಯಾಸಕಾರರ ಕೈ ಬಹಳವಾಗಿದ್ದುದರಿಂದ, ಹಳೆಯ ಹಡಗುಗಳ ಕತ್ತಲೆಗವಿದ ಅರಮನೆಯ ಆಡಂಬರವನ್ನು ಬಿಟ್ಟು ಕೊಠಡಿಗಳೆಲ್ಲ ಬೆಳಕಿನಿಂದ ತುಂಬಿ ಮನೆಯಂತಿದ್ದುವು. ಮೇಲೆ ಎರಡು ದೊಡ್ಡ ಹೊಗೆಕೊಳವೆಗಳು. ಇವುಗಳಲ್ಲಿ ಮುಂದಿನದು ಬರಿಯ ತೋರಿಕೆಗೆಂದು ಇಟ್ಟದ್ದು. ಅದರಿಂದ ಹೊಗೆ ಬರುತ್ತಿರಲಿಲ್ಲ. ಎರಡು ಕೊಳವೆಗಳಿದ್ದರೆ ಹಡಗು ವೇಗಶಾಲಿಯೆಂದು ಜನ ನಂಬುತ್ತಿದ್ದ ಕಾಲವದು. ಪರೀಕ್ಷಾ ಸಂಚಾರದಲ್ಲಿ ನಿಜವಾದ ಕೊಳವೆಯ ಮಸಿ ಮೇಲ್ಮಹಡಿಯ ಮೇಲೆಲ್ಲ ಬೀಳುತ್ತಿದ್ದುದು ಕಂಡುಬಂದು, ಎರಡನ್ನೂ ೧೫ ಅಡಿ ಎತ್ತರಿಸಬೇಕಾಯಿತು. ಸುಳ್ಳು ಕೊಳವೆಗೂ ನಿಜದ ಜೊತೆಗೆ ಬಡ್ತಿ ದೊರೆಯಿತು!

೧೯೪೦ರ ಆಗಸ್ಟ್ ೨೨ರಂದು ಹಡಗು ನ್ಯೂಯಾರ್ಕಿನಿಂದ ಮೊದಲ ಯಾತ್ರೆ ಹೊರಟಿತು. ಯೂರೋಪಿಗಲ್ಲ, ವೆಸ್ಟ್ ಇಂಡೀಸ್ ದ್ವೀಪಗಳ ಕಡೆಗೆ. ಅಮೆರಿಕ ದೇಶವಿನ್ನೂ ಯುದ್ಧದಲ್ಲಿ ಸೇರಿರಲಿಲ್ಲವಾದ ಕಾರಣ, ಜರ್ಮನರ ಸಬ್‌ಮೆರೀನುಗಳಿಗೆ ದೂರದಿಂದಲೇ ಕಾಣಲೆಂದು ಎರಡು ಪಕ್ಕಗಳ ಮೇಲೂ ದೊಡ್ಡ ಅಕ್ಷರಗಳಲ್ಲಿ ಹೆಸರನ್ನೂ ರಾಷ್ಟ್ರಧ್ವಜವನ್ನೂ ಬರೆಯಲಾಗಿತ್ತು.

ಹೊರಗಿನ ಶತ್ರುವಿಗೆ ಹೀಗೆ ಗುರುತು ತೋರಿಸುತ್ತ ಹೋಗುತ್ತಿದ್ದ ಹಡಗಿನ ಅಡಿಗೆಮನೆಯಲ್ಲಿಯೇ ಶತ್ರು ಕುಳಿತಿದ್ದನೆಂಬುದು ಅನಂತರ ತಿಳಿದು ಬಂದಿತು. ಹಡಗಿನ ಮುಖ್ಯ ಮಾಂಸಕಟುಕನಾಗಿದ್ದ ಸೀಗ್ಲರ್, ರೊಟ್ಟಿ ಬೇಯಿಸುವವರ ಮೇಸ್ತ್ರಿ ಸ್ಟಿಗ್ಲರ್, ಇಬ್ಬರೂ ಜರ್ಮನಿಯ ಗೂಢಚಾರರು. ಪನಾಮಾ ಕಾಲುವೆಯ ರಕ್ಷಣಾ ಸಿದ್ಧತೆಗಳ ಮತ್ತು ಅಲ್ಲಿಯ ಹಡಗುಗಳ ಸಂಚಾರದ ವಿವರವನ್ನು ಸಂಗ್ರಹಿಸುವುದು ಅವರ ಎರಡನೆಯ ಉದ್ಯೋಗ. ೧೯೪೧ರಲ್ಲಿ ಡುಕೇನ್ ಎಂಬವನ ತಂಡದ ೩೩ ಜನ ಸಿಕ್ಕಿಬಿದ್ದಾಗ ಇವರೂ ಅವರೊಡನೆ ಜೈಲು ಸೇರಿದರು.

ಬಣ್ಣ ಬದಲಾಯಿತು

ಅದೇ ೧೯೪೧ರ ಜೂನ್ ತಿಂಗಳಲ್ಲಿ ಅಮೆರಿಕದ ನೌಕಾಪಡೆ ಹಡಗನ್ನು ತನ್ನ ವಶಕ್ಕೆ ತೆಗೆದುಕೊಂಡು, ‘ವೆಸ್ಟ್ ಪಾಯಿಂಟ್’ ಎಂದು ಹೊಸ ಹೆಸರಿಟ್ಟಿತು. ವೆಸ್ಟ್ ಪಾಯಿಂಟ್ ಎಂಬುದು ಭೂಸೈನ್ಯದ ಅಧಿಕಾರಿಗಳು ಶಿಕ್ಷಣ ಪಡೆಯುವ ಸ್ಥಳ. ನೌಕಾಪಡೆಯ ಹಡಗಿಗೆ ಭೂಸೈನ್ಯದ ಹೆಸರು. ಆದರೆ ಹೊರಬೇಕಾಗಿದ್ದುದು ಭೂಸೈನಿಕರನ್ನೇ ಆದುದರಿಂದ ಹೆಸರು ಒಪ್ಪಿತೆನ್ನಬೇಕು. ಕ್ಯಾಪ್ಟನ್ ಫ್ರಾಂಕ್ ಕೆಲಿ ಎಂಬವರು ಅದರ ಅಧಿಪತಿಯಾದರು.

ಮದುವೆಯ ಚಪ್ಪರವನ್ನು ಬಿಚ್ಚಿ ಅದೇ ಬೊಂಬುಗಳಿಂದ ಪಾಳೆಯ ಹಾಕಿದಂತೆ ಹಡಗಿನ ರೂಪವೇ ಬದಲಾಯಿತು. ನೃತ್ಯಶಾಲೆ, ಭೋಜನಶಾಲೆ, ಧೂಮಪಾನದ ಕೊಠಡಿಗಳಲ್ಲೆಲ್ಲ ಕಬ್ಬಿಣದ ಚೌಕಟ್ಟುಗಳಿಗೆ ಕ್ಯಾನ್ವಾಸ್ ಬಿಗಿದ ಮಂಚಗಳು ಒಂದರ ಮೇಲೊಂದು ಬಂದುವು. ಕಿಟಕಿಗಳು ಮುಚ್ಚಿದುವು. ವಿಮಾನಗಳನ್ನು ಹೊಡೆಯುವ ಫಿರಂಗಿಗಳು ಮೇಲೇರಿದುವು. ಧ್ವಜದ ಚಿತ್ರ, ದೊಡ್ಡಕ್ಷರದ ಹೆಸರು ಎಲ್ಲವೂ ಬೂದುಬಣ್ಣದ ಅಡಿಯಲ್ಲಿ ಮರೆಯಾದುವು. ಸಾವಿರದ ಇನ್ನೂರು ಜನರಿಗೆಂದು ಕಟ್ಟಿದ್ದಲ್ಲಿ ಏಳೆಂಟು ಸಾವಿರ ಜನ ಹಿಡಿಸುವಂತಾಯಿತು.

ಮೊದಲ ಕೆಲಸ ಮಾತ್ರ ವಿನೋದವಾದದ್ದು. ಅಮೆರಿಕ ಸರಕಾರ ತನ್ನ ದೇಶದಲ್ಲಿದ್ದ ಜರ್ಮನಿ, ಇಟಲಿಗಳ ದೂತಕಚೇರಿಗಳನ್ನು ಮುಚ್ಚಿಸಿತ್ತು. ಅಲ್ಲಿಯ ೩೨೭ ಜರ್ಮನರನ್ನೂ ೧೩೭ ಇಟಾಲಿಯನರನ್ನೂ ಜುಲೈ ತಿಂಗಳಲ್ಲಿ ಲಿಸ್ಬನ್ನಿಗೆ ತಲುಪಿಸಿ, ಯೂರೋಪಿನಲ್ಲಿ ಸಿಕ್ಕಿಕೊಂಡಿದ್ದ ಅಮೆರಿಕನರನ್ನೂ ಕೆಲವು ಚೀನೀ ದೂತರನ್ನೂ ಹತ್ತಿಸಿಕೊಂಡು ಹಡಗು ಹಿಂದಿರುಗಿತು. ಸೈನಿಕರನ್ನು ಹೊರಲು ಸಜ್ಜಾದ ಹಡಗಿನ ಮೊದಲ ಪ್ರಯಾಣಿಕರು ರಾಜತಂತ್ರಜ್ಞರು!

ಪರರ ಸೈನ್ಯ

ನಿಜವಾದ ಕೆಲಸ ಆ ವರ್ಷದ ನವೆಂಬರಿನಲ್ಲಿ ಬಂದಿತು. ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರಿಗೆ ಸೈನ್ಯವಿತ್ತು, ಸಾಗಿಸಲು ಹಡಗುಗಳಿರಲಿಲ್ಲ. ಅವರು ರೂಸ್‌ವೆಲ್ಟರನ್ನು ಕೇಳಿದರು, ರೂಸ್‌ವೆಲ್ಟರು ಒಪ್ಪಿದರು. ಯುದ್ಧದಲ್ಲಿಲ್ಲದ ದೇಶದ ನೌಕಾಪಡೆ, ಯುದ್ಧದಲ್ಲಿರುವ ದೇಶದ ಸೈನ್ಯವನ್ನು ರಣರಂಗಕ್ಕೆ ಒಯ್ಯುವುದೆಂದರೆ ನ್ಯಾಯಶಾಸ್ತ್ರದ ಯಾವ ಪುಟದಲ್ಲಿ ಅದಕ್ಕೆ ಆಧಾರವಿದ್ದಿತೋ ಹೇಳುವುದು ಕಷ್ಟ. ನವೆಂಬರ್ ೧೦ರಂದು ಕೆನಡದ ಹ್ಯಾಲಿಫ್ಯಾಕ್ಸ್ ಬಂದರಿನಿಂದ ಆರು ಅಮೆರಿಕನ್ ಹಡಗುಗಳು ಹೊರಟುವು. ಜೊತೆಗೆ ‘ರೇಂಜರ್’ ಎಂಬ ವಿಮಾನವಾಹಕ, ‘ಕ್ವಿನ್ಸಿ’, ‘ವಿನ್ಸೆನ್ಸ್’ ಎಂಬ ಎರಡು ಕ್ರೂಸರುಗಳು, ಎಂಟು ಡಿಸ್ಟ್ರಾಯರುಗಳು. ಒಳಗೆ ಸುಮಾರು ೨೦,೦೦೦ ಬ್ರಿಟಿಷ್ ಸೈನಿಕರು. ‘ವೆಸ್ಟ್ ಪಾಯಿಂಟ್’ ಒಂದರಲ್ಲೇ ಐದು ಸಾವಿರಕ್ಕೂ ಮಿಕ್ಕಿ.

ಇವರು ಬ್ರಿಟನ್ನಿನ ೧೮ನೆಯ ಡಿವಿಷನ್ನಿಗೆ ಸೇರಿದವರು. ನಾರ್ಫೋಕ್, ಸಫೋಕ್, ಕೇಂಬ್ರಿಜ್ ಸೀಮೆಗಳ ರೈತರ ಮಕ್ಕಳು, ಅಂಗಡಿಗಳ ಗುಮಾಸ್ತರು, ಬಹುಮಟ್ಟಿಗೆ ಯುದ್ಧವನ್ನು ಕಣ್ಣಾರೆ ಕಾಣದ ತರುಣರು. ಅಕ್ಟೋಬರ್ ಕೊನೆಯಲ್ಲಿ ಊರು ಬಿಟ್ಟು, ಅಟ್ಲಾಂಟಿಕನ್ನು ಒಮ್ಮೆ ದಾಟಿ, ಹ್ಯಾಲಿಫ್ಯಾಕ್ಸಿನಲ್ಲಿ ಹಡಗು ಬದಲಾಯಿಸಿದ್ದರು. ಯುದ್ಧಕಾಲದ ಪಡಿತರದಲ್ಲಿ ಸೊರಗಿದ್ದ ಅವರಿಗೆ ಅಮೆರಿಕನ್ ಅಡಿಗೆಮನೆಯ ಸಮೃದ್ಧಿ ಹಬ್ಬದಂತೆ ಕಂಡಿರಬೇಕು. ಒಂದೇ ಕೊರತೆ: ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ ೧೯೧೪ರಿಂದಲೂ ಮದ್ಯಪಾನ ನಿಷೇಧವಿದ್ದಿತು. ಬೀರಿಲ್ಲದೆ ಸಮುದ್ರ ದಾಟಬೇಕಾಗಿ ಬಂದ ಆಂಗ್ಲ ಸೈನಿಕನ ಸಂಕಟವನ್ನು ವಾಚಕರು ಊಹಿಸಿಕೊಳ್ಳಬಹುದು.

ಅವರನ್ನು ಮಧ್ಯಪ್ರಾಚ್ಯಕ್ಕೆ ಕಳುಹಿಸುವುದೆಂದು ಏರ್ಪಾಡಾಗಿತ್ತು. ಮರುಭೂಮಿಯ ಯುದ್ಧಕ್ಕಾಗಿ ಸಿದ್ಧವಾದ ಸೈನ್ಯವದು. ಡಿಸೆಂಬರ್ ೭ರಂದು, ಹಡಗುಗಳಿನ್ನೂ ಆಫ್ರಿಕದ ತುದಿಯನ್ನು ಮುಟ್ಟುವ ಮೊದಲೇ, ಜಪಾನೀಯರು ಪರ್ಲ್ ಹಾರ್ಬರಿನ ಮೇಲೆ ಬಾಂಬು ಸುರಿದರು. ಅದೇ ವೇಳೆಗೆ ಮಲಯದ ಕಡಲತೀರದಲ್ಲಿಯೂ ಅವರ ಸೈನ್ಯ ಇಳಿಯಿತು. ೯ರಂದು ಕೇಪ್‌ಟೌನ್ ತಲುಪಿದಾಗ ನಾವಿಕರೂ ಸೈನಿಕರೂ ಒಂದೇ ಯುದ್ಧದ ಪಾಲುದಾರರಾಗಿದ್ದರು. ನ್ಯಾಯಶಾಸ್ತ್ರದ ತೊಡಕು ತಾನಾಗಿಯೇ ಬಗೆಹರಿದಿತ್ತು. ಆದರೆ ಹೊರಟ ಉದ್ದೇಶ ಮಾತ್ರ ತಲೆಕೆಳಗಾಗಿತ್ತು.

ಮುಂಬಯಿಯಲ್ಲಿ

ಡಿಸೆಂಬರ್ ೨೭ರಂದು ‘ವೆಸ್ಟ್ ಪಾಯಿಂಟ್’ ಮುಂಬಯಿಗೆ ಬಂದಿತು. ಎರಡು ತಿಂಗಳು ನೀರನ್ನೇ ನೋಡಿ ಬೇಸತ್ತ ಸೈನಿಕರನ್ನು ಇಳಿಸಿ ರೈಲಿನಲ್ಲಿ ಅಹಮದ್‌ನಗರದ ಕಡೆಯ ಶಿಬಿರಗಳಿಗೆ ಕರೆದೊಯ್ದರು. ನೆಲದ ಮೇಲೆ ನಡೆಯುವುದನ್ನು ಅವರ ಕಾಲುಗಳು ಮತ್ತೆ ಕಲಿಯಬೇಕಾಗಿದ್ದಿತು. ಇದೇ ಡಿವಿಷನ್ನಿನ ಒಂದು ಬ್ರಿಗೇಡನ್ನು ಹೊತ್ತ ‘ಮೌಂಟ್ ವರ್ನನ್’ ಹಡಗು ಮಾತ್ರ ಮುಂಬಯಿಗೆ ಬಾರದೆ ನೇರವಾಗಿ ಸಿಂಗಪುರಕ್ಕೆ ತಿರುಗಿ, ಜನವರಿ ೧೩ರಂದು ಅಲ್ಲಿಗೆ ಮುಟ್ಟಿತು.

ಉಳಿದವರ ಸರದಿಯೂ ಬಂದಿತು. ೧೯೪೨ರ ಜನವರಿಯಲ್ಲಿ ‘ವೆಸ್ಟ್ ಪಾಯಿಂಟ್’, ಅದರ ಜೊತೆಗಾರ ‘ವೇಕ್‌ಫೀಲ್ಡ್’, ಇನ್ನು ಕೆಲವು ಬ್ರಿಟಿಷ್ ಹಡಗುಗಳು ಸೈನ್ಯವನ್ನು ತುಂಬಿಕೊಂಡು ಮುಂಬಯಿಯನ್ನು ಬಿಟ್ಟುವು. ಆ ಬ್ರಿಟಿಷ್ ಹಡಗುಗಳಲ್ಲೊಂದರ ಹೆಸರು ‘ಎಂಪ್ರೆಸ್ ಆಫ್ ಜಪಾನ್’, ಎಂದರೆ ಜಪಾನಿನ ಸಾಮ್ರಾಜ್ಞಿ! ಜಪಾನನ್ನು ಎದುರಿಸಲು ಜಪಾನಿನ ಸಾಮ್ರಾಜ್ಞಿಯ ಬೆನ್ನೇರಿ ಹೊರಟ ಸೈನಿಕರು ನಕ್ಕರೋ ಶಕುನವೆಂದು ಬಗೆದರೋ ತಿಳಿಯದು. ಆ ಹೆಸರನ್ನು ಬದಲಾಯಿಸಿದ್ದು ಅದೇ ವರ್ಷ ಮುಂದೆ.

ಹಡಗುಗಳು ಹಿಂದೂ ಮಹಾಸಾಗರದಲ್ಲಿ ಸಾಗುತ್ತಿದ್ದಾಗ ಅವುಗಳೊಳಗಿನ ಸಾವಿರಾರು ಜನರ ಹಣೆಯಬರಹ ತಂತಿಸುದ್ದಿಗಳಲ್ಲಿ ತೂಗಾಡುತ್ತಿತ್ತು. ಮಲಯದಲ್ಲಿ ಬ್ರಿಟಿಷರ ಸೈನ್ಯ ದಿನದಿನವೂ ಹಿಂದೆ ಸರಿಯುತ್ತಿತ್ತು. ಜನವರಿಯ ಮೂರನೆಯ ವಾರದಲ್ಲಿ ಚರ್ಚಿಲ್ಲರಿಗೇ ಸಂಶಯ ಹುಟ್ಟಿತು: ಸಿಂಗಪುರ ಉಳಿಯುವುದಿಲ್ಲವೆಂದಾದರೆ, ಈ ಸೈನ್ಯವನ್ನು ರಂಗೂನಿಗೆ ತಿರುಗಿಸಿ ಬರ್ಮವನ್ನಾದರೂ ಏಕೆ ಉಳಿಸಿಕೊಳ್ಳಬಾರದು? ಈ ಯೋಚನೆಯ ಸುಳಿವು ಆಸ್ಟ್ರೇಲಿಯಕ್ಕೆ ಮುಟ್ಟಿತು. ಆಸ್ಟ್ರೇಲಿಯದ ಸೈನಿಕರು ಆಗಲೇ ಮಲಯದಲ್ಲಿ ಹೋರಾಡುತ್ತಿದ್ದರು. ಸಿಂಗಪುರವನ್ನು ಕೈಬಿಡುವುದು ಕ್ಷಮಿಸಲಾಗದ ದ್ರೋಹವಾಗುವುದೆಂದು ಅಲ್ಲಿಯ ಪ್ರಧಾನಿ ಕರ್ಟಿನ್ ಅವರು ಖಾರವಾಗಿ ತಂತಿ ಕಳುಹಿಸಿದರು. ಹಡಗುಗಳು ತಿರುಗಲಿಲ್ಲ.

ಕರ್ಟಿನ್ ಅವರನ್ನು ದೂಷಿಸುವುದು ಈಗ ಸುಲಭ. ಆದರೆ ತನ್ನ ದೇಶದ ತರುಣರು ಒಂದು ಕೋಟೆಯೊಳಗಿರುವಾಗ, ಬರುತ್ತಿರುವ ಸಹಾಯವನ್ನು ಬೇರೆಡೆಗೆ ತಿರುಗಿಸುವರೆಂದು ಕೇಳಿದ ಯಾವ ಪ್ರಧಾನಿ ತಾನೆ ಸುಮ್ಮನಿದ್ದಾನು? ರಾಜಕೀಯವಾಗಿ ಮಾಡಲೇಬೇಕಾಗಿದ್ದುದು ಸೈನಿಕ ದೃಷ್ಟಿಯಿಂದ ಮಾಡಬಾರದ್ದಾಗಿತ್ತು. ಅದರ ಬೆಲೆಯನ್ನು ತೆತ್ತವರು ತಂತಿ ಬರೆದವರೂ ಅಲ್ಲ, ಓದಿದವರೂ ಅಲ್ಲ. ಹಡಗಿನ ಕ್ಯಾನ್ವಾಸ್ ಮಂಚಗಳ ಮೇಲೆ ಮಲಗಿದ್ದವರು.

ಇಳಿದವರು, ಹತ್ತಿದವರು

ಜನವರಿ ೨೯ರಂದು ಹಡಗುಗಳು ಸಿಂಗಪುರದ ಬಂದರಿಗೆ ಬಂದುವು. ಆ ವೇಳೆಗೆ ಮಲಯ ಪರ್ಯಾಯದ್ವೀಪ ಹೆಚ್ಚುಕಡಿಮೆ ಜಪಾನೀಯರ ವಶವಾಗಿದ್ದಿತು. ಬಂದರಿನ ಮೇಲೆ ಪ್ರತಿದಿನವೂ ವಿಮಾನಗಳ ಹಾವಳಿ. ಸೈನಿಕರು ಕೆಳಗಿಳಿದರು.

ಮರುದಿನ ಜಪಾನಿನ ಬಾಂಬರುಗಳು ಬಂದುವು. ‘ವೆಸ್ಟ್ ಪಾಯಿಂಟಿ’ನ ಸುತ್ತಮುತ್ತ ಬಾಂಬುಗಳು ಬಿದ್ದುವಾದರೂ ಹಡಗಿಗೆ ಹೆಚ್ಚಿನ ಪೆಟ್ಟು ತಗಲಲಿಲ್ಲ. ‘ವೇಕ್‌ಫೀಲ್ಡಿ’ಗೆ ಆ ಅದೃಷ್ಟವಿರಲಿಲ್ಲ. ಒಂದು ಬಾಂಬು ಮಹಡಿಗಳನ್ನು ತೂರಿ, ರೋಗಿಗಳಿದ್ದ ಹಡಗಿನ ಆಸ್ಪತ್ರೆಯ ಕೋಣೆಯಲ್ಲಿಯೇ ಸಿಡಿಯಿತು. ಐವರು ಸತ್ತರು.

ಇಷ್ಟರ ನಡುವೆಯೇ ಇನ್ನೊಂದು ಜನಸಮೂಹ ಹಡಗುಗಳನ್ನು ಹತ್ತುತ್ತಿತ್ತು. ಒಂದು ತಲೆಮಾರಿನಿಂದ ಸಿಂಗಪುರವನ್ನೇ ಮನೆಯಾಗಿ ಮಾಡಿಕೊಂಡಿದ್ದ ಕುಟುಂಬಗಳು, ಕೈಗೂಸುಗಳನ್ನೆತ್ತಿಕೊಂಡ ತಾಯಂದಿರು, ಹಡಗುಕಟ್ಟೆಯ ನೌಕರರು, ನೌಕಾಪಡೆಯವರು. ‘ವೆಸ್ಟ್ ಪಾಯಿಂಟ್’ ೧,೨೭೬ ಜನರನ್ನು ಹತ್ತಿಸಿಕೊಂಡಿತು. ಗಾಯಗೊಂಡ ‘ವೇಕ್‌ಫೀಲ್ಡ್’ ನಾನೂರು ಜನ ಹೆಂಗಸರು ಮಕ್ಕಳನ್ನು. ಗಂಡಂದಿರು ಬಹುಮಟ್ಟಿಗೆ ದಡದಲ್ಲಿಯೇ ಉಳಿದರು. ಸೈನಿಕರು ತಮ್ಮ ಚೀಲಗಳನ್ನು ತೆಗೆದುಕೊಂಡು ಎದ್ದುಹೋದ ಮಂಚಗಳ ಮೇಲೆ ಮಕ್ಕಳನ್ನು ಮಲಗಿಸಿದರು. ಜನವರಿ ೩೦ರ ಸಂಜೆ ಹಡಗುಗಳು ಲಂಗರೆತ್ತಿದುವು.

ಮರುದಿನ ಬ್ರಿಟಿಷರ ಕೊನೆಯ ಪಡೆಗಳು ಮಲಯದಿಂದ ದ್ವೀಪಕ್ಕೆ ಸರಿದು, ನಡುವಣ ಕಟ್ಟೆದಾರಿಯನ್ನು ಸಿಡಿಸಿ ಕಡಿದುವು. ಫೆಬ್ರವರಿ ೮ರ ರಾತ್ರಿ ಜಪಾನೀಯರು ಜಲಸಂಧಿಯನ್ನು ದಾಟಿದರು. ೧೫ರಂದು ಜನರಲ್ ಪರ್ಸಿವಲ್ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದರು. ಹದಿನೆಂಟು ಸಾವಿರ ಮೈಲಿಗಳಷ್ಟು ಸಮುದ್ರಯಾನ ಮಾಡಿ ಬಂದ ೧೮ನೆಯ ಡಿವಿಷನ್ನಿನವರು ಸಿಂಗಪುರದ ನೆಲದ ಮೇಲೆ ಸ್ವತಂತ್ರರಾಗಿ ನಿಂತದ್ದು ಮೂರು ವಾರಕ್ಕೂ ಕಡಿಮೆ.

ಅವರೊಡನೆ ಸುಮಾರು ನಲವತ್ತು ಸಾವಿರ ಭಾರತೀಯ ಸೈನಿಕರೂ ಅಂದು ಸೆರೆಯಾದರು. ಅವರಲ್ಲಿ ಅನೇಕರು ಆಜಾದ್ ಹಿಂದ್ ಫೌಜನ್ನು ಸೇರಿದ ಚರಿತ್ರೆ ನಮ್ಮ ಮನೆಮನೆಗೂ ಗೊತ್ತು. ಸೇರದೆ ಉಳಿದು, ದೂರದ ದ್ವೀಪಗಳ ಕೂಲಿಶಿಬಿರಗಳಿಗೆ ಒಯ್ಯಲ್ಪಟ್ಟವರ ಕಥೆಯನ್ನು ಹೇಳುವವರು ಕಡಿಮೆ. ಬ್ರಿಟಿಷ್ ಸೆರೆಯಾಳುಗಳಲ್ಲಿ ಬಹುಮಂದಿಯನ್ನು ಸಯಾಮಿನ ಕಾಡಿನೊಳಗೆ ಬರ್ಮಕ್ಕೆ ರೈಲುದಾರಿ ಹಾಕಲು ಅಟ್ಟಿದರು. ನಾನೂರಕ್ಕೂ ಮಿಕ್ಕ ಕಿಲೋಮೀಟರುಗಳ ಆ ದಾರಿ ೧೯೪೩ರ ಅಕ್ಟೋಬರಿನಲ್ಲಿ ಮುಗಿಯುವ ವೇಳೆಗೆ ಕಾಲರಾ, ಆಮಶಂಕೆ, ಹಸಿವು, ಹೊಡೆತಗಳಿಂದ ಹನ್ನೆರಡು ಸಾವಿರ ಮಿತ್ರರಾಷ್ಟ್ರಗಳ ಸೆರೆಯಾಳುಗಳು ಸತ್ತಿದ್ದರು. ಮಲಯದ ರಬ್ಬರ್ ತೋಟಗಳಿಂದ ಹಿಡಿದು ತಂದ ತಮಿಳು ಕೂಲಿಗಳೂ ಸೇರಿದಂತೆ ಏಷ್ಯದ ಕಾರ್ಮಿಕರು ಸತ್ತದ್ದು ಅದರ ಹಲವು ಪಾಲು. ಅವರ ಸಮಾಧಿಗಳ ಮೇಲೆ ಹೆಸರುಗಳಿಲ್ಲ. ೧೮ನೆಯ ಡಿವಿಷನ್ನಿನ ಸೇನಾಪತಿ ಬೆಕ್‌ವಿತ್ ಸ್ಮಿತ್ ಅವರೂ ೧೯೪೨ರ ನವೆಂಬರಿನಲ್ಲಿ ಫಾರ್ಮೋಸಾದ ಸೆರೆಯಲ್ಲಿ ಗಂಟಲುಬೇನೆಯಿಂದ ತೀರಿಕೊಂಡರು.

‘ವೆಸ್ಟ್ ಪಾಯಿಂಟ್’ ಬತಾವಿಯಾ, ಕೊಲಂಬೊಗಳ ಮಾರ್ಗವಾಗಿ ಹಿಂದೂ ಮಹಾಸಾಗರವನ್ನು ಮತ್ತೆ ದಾಟಿತು. ಹಡಗಿಗೆ ಆಜ್ಞೆಯಿದ್ದುದು ಇಷ್ಟೇ: ಇವರನ್ನು ಅಲ್ಲಿಗೆ ಒಯ್ಯಿ, ಅವರನ್ನು ಇಲ್ಲಿಗೆ ತಾ.

ಯುದ್ಧದ ಉಳಿದ ವರ್ಷಗಳು

ಅಲ್ಲಿಂದ ಸೂಯೆಜಿಗೆ ಹೋಗಿ, ಆಫ್ರಿಕದ ಮರುಭೂಮಿಯ ರಂಗದಿಂದ ತಾಯ್ನಾಡಿನ ರಕ್ಷಣೆಗೆ ಮರಳುತ್ತಿದ್ದ ಆಸ್ಟ್ರೇಲಿಯದ ಸೈನಿಕರನ್ನು ಫ್ರೀಮ್ಯಾಂಟಲ್, ಅಡಿಲೇಡ್ ಬಂದರುಗಳಿಗೆ ಮುಟ್ಟಿಸಿತು. ಅನಂತರದ ಮೂರು ವರ್ಷಗಳ ಸಂಚಾರವನ್ನು ಭೂಪಟದ ಮೇಲೆ ಗುರುತು ಹಾಕಲು ಹೊರಟರೆ ಪಟವೇ ಮರೆಯಾಗುವುದು. ಲಿವರ್‌ಪೂಲ್, ಕ್ಯಾಸಾಬ್ಲಾಂಕಾ, ಒರಾನ್, ಮಾರ್ಸೇಲ್ಸ್. ಮುಂಬಯಿಗೂ ಮತ್ತೆ ಬಂದದ್ದುಂಟು. ಬಹುತೇಕ ಯಾತ್ರೆಗಳಲ್ಲಿ ಬೆಂಗಾವಲೇ ಇಲ್ಲ. ಗಂಟೆಗೆ ಇಪ್ಪತ್ತೆರಡು ನಾವಿಕ ಮೈಲಿಗೂ ಮೀರಿದ ವೇಗವೇ ಅದರ ಬೆಂಗಾವಲು. ನೀರಿನೊಳಗೆ ನಿಧಾನವಾಗಿ ಚಲಿಸುವ ಸಬ್‌ಮೆರೀನು ಇಂತಹ ಹಡಗನ್ನು ಬೆನ್ನಟ್ಟಿ ಹಿಡಿಯಲಾರದು. ದಾರಿಯಲ್ಲಿ ಕಾದು ಕುಳಿತಿದ್ದರೆ ಮಾತ್ರ ಹೊಡೆದೀತು. ಆದ್ದರಿಂದ ಕೆಲವು ನಿಮಿಷಗಳಿಗೊಮ್ಮೆ ದಿಕ್ಕು ಬದಲಾಯಿಸುತ್ತ ಅಂಕುಡೊಂಕಾಗಿ ಓಡುವುದು ಪದ್ಧತಿ. ರಾತ್ರಿ ಎಲ್ಲಿಯೂ ಬೆಳಕಿಲ್ಲ. ಮೇಲ್ಮಹಡಿಯಲ್ಲಿ ಸಿಗರೇಟು ಹಚ್ಚಿದರೂ ಶಿಕ್ಷೆ.

೧೯೪೪ರ ಒಂದು ಯಾತ್ರೆಯಲ್ಲಿ ಹಡಗಿನಲ್ಲಿದ್ದ ಜನ ೯,೩೦೫. ಆ ಕಾಲದ ಒಂದು ಸಣ್ಣ ತಾಲ್ಲೂಕು ಪಟ್ಟಣದ ಜನಸಂಖ್ಯೆ! ಆ ಪಟ್ಟಣಕ್ಕೆ ದಿನವೂ ಅಡಿಗೆ ಮಾಡಿ ಬಡಿಸಬೇಕು, ಉಪ್ಪುನೀರಿನ ನಡುವೆ ಕುಡಿಯುವ ನೀರು ಒದಗಿಸಬೇಕು. ಊಟದ ಸಾಲು ಹಡಗಿನುದ್ದಕ್ಕೂ ಸುತ್ತಿಕೊಂಡು, ಬೆಳಗಿನ ಊಟ ಮುಗಿಯುವ ಹೊತ್ತಿಗೆ ಸಂಜೆಯ ಸಾಲು ಬೆಳೆಯತೊಡಗುತ್ತಿತ್ತು. ಯುದ್ಧ ಮುಗಿಯುವಷ್ಟರಲ್ಲಿ ‘ವೆಸ್ಟ್ ಪಾಯಿಂಟ್’ ಮೂರೂವರೆ ಲಕ್ಷಕ್ಕೂ ಮೀರಿ ಸೈನಿಕರನ್ನು ಸಾಗಿಸಿತ್ತು. ‘ವೇಕ್‌ಫೀಲ್ಡ್’ ೧೯೪೨ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟು, ಮತ್ತೆ ಕಟ್ಟಲ್ಪಟ್ಟಿತು. ಹ್ಯಾಲಿಫ್ಯಾಕ್ಸಿನಿಂದ ಬೆಂಗಾವಲಾಗಿ ಬಂದಿದ್ದ ಎರಡು ಕ್ರೂಸರುಗಳೂ ೧೯೪೨ರ ಆಗಸ್ಟಿನ ಒಂದೇ ರಾತ್ರಿ ಪೆಸಿಫಿಕ್ಕಿನಲ್ಲಿ ಮುಳುಗಿದುವು. ಜೋಯಿಸರು ಕೈಬಿಟ್ಟ ಈ ಹಡಗು ಮಾತ್ರ ಉಳಿಯಿತು.

೧೯೪೬ರ ಫೆಬ್ರವರಿ ೨೮ರಂದು ನೌಕಾಪಡೆ ಅದನ್ನು ಸೇವೆಯಿಂದ ಬಿಡುಗಡೆ ಮಾಡಿತು.

ಹೆಸರಿನ ಮೇಲೆ ಹೆಸರು

ಬೂದುಬಣ್ಣ ಕೆರೆದು, ಮಂಚಗಳನ್ನು ಕಿತ್ತು, ಅದೇ ನವೆಂಬರಿನಲ್ಲಿ ‘ಅಮೆರಿಕ’ ಮತ್ತೆ ಪ್ರಯಾಣಿಕರ ಹಡಗಾಯಿತು. ಏಳು ವರ್ಷ ತಡವಾಗಿಯಾದರೂ ತಾನು ಹುಟ್ಟಿದ ಕೆಲಸವನ್ನು ಕೈಗೊಂಡು ಅಟ್ಲಾಂಟಿಕನ್ನು ದಾಟತೊಡಗಿತು. ಆದರೆ ಕಾಲ ಹಡಗುಗಳಿಗೆ ಅನುಕೂಲವಾಗಿರಲಿಲ್ಲ. ಜೆಟ್ ವಿಮಾನಗಳು ಬಂದುವು. ೧೯೬೪ರಲ್ಲಿ ಚಾಂದ್ರಿಸ್ ಎಂಬ ಗ್ರೀಕ್ ಸಂಸ್ಥೆ ಹಡಗನ್ನು ಕೊಂಡು, ‘ಆಸ್ಟ್ರೇಲಿಸ್’ ಎಂದು ಹೆಸರಿಟ್ಟು, ಎರಡು ಸಾವಿರಕ್ಕೂ ಹೆಚ್ಚು ಜನ ಹಿಡಿಸುವಂತೆ ಮಾರ್ಪಡಿಸಿತು. ೧೯೬೫ರಿಂದ ೧೯೭೭ರವರೆಗೆ ಯೂರೋಪಿನಿಂದ ಆಸ್ಟ್ರೇಲಿಯಕ್ಕೆ ಹೊಸ ಬಾಳನ್ನು ಅರಸಿ ಹೋಗುವ ಕುಟುಂಬಗಳನ್ನು ಅದು ಹೊತ್ತಿತು. ಒಮ್ಮೆ ಸೈನಿಕರನ್ನು ಮನೆಗೆ ಮುಟ್ಟಿಸಿದ ನೆಲಕ್ಕೇ ಈಗ ಮನೆ ಬಿಟ್ಟವರನ್ನು ಮುಟ್ಟಿಸುತ್ತಿತ್ತು. ನನ್ನ ಎಣಿಕೆಯಲ್ಲಿ ಹಡಗಿನ ಬಾಳಿನ ಸುಖದ ಕಾಲ ಇದೇ.

ಮುಂದಿನದನ್ನು ಹೇಳಲು ಮನಸ್ಸು ಬಾರದು. ೧೯೭೮ರಲ್ಲಿ ಹೊಸ ಒಡೆಯರು ಹಳೆಯ ಹೆಸರನ್ನೇ ಇಟ್ಟು ನ್ಯೂಯಾರ್ಕಿನಿಂದ ವಿಹಾರಯಾತ್ರೆ ಹೊರಡಿಸಿದಾಗ, ಕಟ್ಟಿಕೊಂಡ ಕೊಳಾಯಿಗಳನ್ನೂ ಕಸದ ರಾಶಿಯನ್ನೂ ನೋಡಿದ ಪ್ರಯಾಣಿಕರು ದಂಗೆಯೆದ್ದು ಹಡಗನ್ನು ಹಿಂದಕ್ಕೆ ತಿರುಗಿಸಿದರು. ಚಾಂದ್ರಿಸ್ ಸಂಸ್ಥೆಯವರೇ ಹರಾಜಿನಲ್ಲಿ ಮರಳಿ ಕೊಂಡು ‘ಇಟಾಲಿಸ್’ ಎಂದರು. ಆ ಸುಳ್ಳು ಹೊಗೆಕೊಳವೆಯನ್ನು ಕತ್ತರಿಸಿ ತೆಗೆದರು. ಆಮೇಲೆ ‘ನೋಗ’. ಆಮೇಲೆ ‘ಅಲ್ಫರ್ದೋಸ್’, ಎಂದರೆ ಸ್ವರ್ಗ. ಸ್ವರ್ಗವೆಂಬ ಹೆಸರು ಹೊತ್ತು ಅದು ಗ್ರೀಸಿನ ಒಂದು ಕೊಲ್ಲಿಯಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಕಡೆಗೆ ‘ಅಮೆರಿಕನ್ ಸ್ಟಾರ್’ ಎಂಬ ಏಳನೆಯ ಹೆಸರಿಟ್ಟು, ಥಾಯ್‌ಲೆಂಡಿನ ಫುಕೆಟ್ ದ್ವೀಪದಲ್ಲಿ ತೇಲುವ ಹೋಟಲನ್ನಾಗಿ ಮಾಡುವೆವೆಂದು ೧೯೯೩ರ ಕೊನೆಯಲ್ಲಿ ಅದನ್ನು ಎಳೆದುಕೊಂಡು ಹೊರಟರು. ಸಿಂಗಪುರಕ್ಕೆ ಅದು ಅಷ್ಟು ಸಮೀಪಕ್ಕೆ ಮತ್ತೆ ಹೋಗಬೇಕಾಗಿದ್ದಿತು.

ಹೋಗಲಿಲ್ಲ. ಕ್ಯಾನರಿ ದ್ವೀಪಗಳ ಬಳಿ ಬಿರುಗಾಳಿಗೆ ಎಳೆಯುವ ಹಗ್ಗಗಳು ಹರಿದುವು. ಹಡಗಿನಲ್ಲಿದ್ದ ನಾಲ್ವರನ್ನು ಹೆಲಿಕಾಪ್ಟರು ಎತ್ತಿಕೊಂಡಿತು. ೧೯೯೪ರ ಜನವರಿ ೧೮ರ ಬೆಳಗ್ಗೆ, ಯಾರೂ ಇಲ್ಲದ ಹಡಗು ಫುವೆರ್ತೆವೆಂತೂರಾ ದ್ವೀಪದ ಮರಳಿಗೆ ತಾನೇ ಬಂದು ಕುಳಿತಿತು. ಎರಡು ದಿನಗಳೊಳಗೆ ಅಲೆಗಳ ಹೊಡೆತಕ್ಕೆ ಎರಡಾಗಿ ಮುರಿಯಿತು. ದ್ವೀಪದ ಜನ ಒಳಗಿನ ಸಾಮಾನುಗಳನ್ನು ತಂದುಕೊಂಡರು. ನೋಡುವ ಕುತೂಹಲದಿಂದ ಈಜಿ ಹೋದ ಕೆಲವರು ಪ್ರಾಣ ಕಳೆದುಕೊಂಡರು. ಹಿಂಭಾಗ ೧೯೯೬ರಲ್ಲಿ ಉರುಳಿ ಮುಳುಗಿತು. ಎಲಿನಾರ್ ರೂಸ್‌ವೆಲ್ಟರು ಶೀಸೆ ಒಡೆದ ಮುಂಭಾಗ ಇನ್ನೂ ಹತ್ತು ವರ್ಷಕ್ಕೆ ಮೀರಿ ನೆಟ್ಟಗೆ ನಿಂತಿದ್ದು, ೨೦೦೭ರ ಹೊತ್ತಿಗೆ ಅದೂ ಕುಸಿಯಿತು. ಅನಂತರ ಅಲ್ಲಿ ಉಳಿದದ್ದು, ಇಳಿತದ ವೇಳೆಯಲ್ಲಿ ನೀರಿನ ಮೇಲೆ ತಲೆಯೆತ್ತುವ ತುಕ್ಕಿನ ಒಂದು ತುಂಡು.